ಗೇಟು ತೆಗೆಯುವ ಅರ್ಜಿ

ಸುದ್ದಿ ಬಂದಾಗ ನಾನು ಶೇಂಗಾ ಹುರಿಯುತ್ತಿದ್ದೆ. ಮನೆಯಲ್ಲಿ ಹಿಂಡಿ, ಅಂದರೆ ಚಟ್ನಿಪುಡಿ, ತೀರಿತ್ತು. ನಮ್ಮ ಮನೆಯವರಿಗೆ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹಂಚಿನ ಮೇಲೆ ಕಾಳು ಚಟ್‌ಚಟ್ ಅನ್ನತೊಡಗಿದ ಹೊತ್ತಿಗೆ ಹೊರಗೆ ಸ್ಕೂಟರ್ ನಿಂತ ಸಪ್ಪಳವಾಯಿತು. ಸುಜಾತಾ ಟೀಚರ್ ಹೆಲ್ಮೆಟ್ ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಿಗೆ ಬಂದರು.

“ಅಕ್ಕಾ, ಕೈ ಒರಸ್ಕೊಂಡು ಜಲ್ದಿ ಬರ್ರಿ. ನಿಮ್ಮ ಗೇಟ್ ಪಾರ್ಲಿಮೆಂಟಿಗಿ ಹೋಗ್ಯದ!”

“ಮುಂಜಾನಿ ಇಲ್ಲೇ ಇತ್ತಲ್ರಿ ಟೀಚರ್,” ಅಂತ ನಕ್ಕೆ.

ಗೇಟು ಅಂದರೆ ಭಾಲ್ಕಿಯ ಹೊರಗೆ, ಬೀದರ್ ಕಡೆಗೆ ಹೋಗುವ ಹಳಿಯ ಮೇಲೆ, ಹಳ್ಳಿಯ ರಸ್ತೆಗೆ ಅಡ್ಡಲಾಗಿದ್ದ ರೈಲ್ವೆ ಗೇಟು. ನಮ್ಮ ಮನೆಯವರು, ಶರಣಪ್ಪ, ಅಲ್ಲಿ ಹಗಲು ಪಾಳಿಯ ಗೇಟ್‌ಮನ್. ಅದೂ ಗುತ್ತಿಗೆಯ ಮೇಲೆ. ಗೇಟಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಮಾಡಿದ್ದೆವು. ನಾನು, ಅವರು, ನಮ್ಮ ಅತ್ತೆ. ಸುಜಾತಾ ಟೀಚರ್ ಮನೆ ಭಾಲ್ಕಿಯಲ್ಲಿ, ಶಾಲೆ ಗೇಟಿನ ಆಚೆಯ ಹಳ್ಳಿಯಲ್ಲಿ. ಗೇಟು ಬಿದ್ದಾಗಲೆಲ್ಲ ಬಿಸಿಲಲ್ಲಿ ನಿಲ್ಲುವ ಬದಲು ನಮ್ಮಲ್ಲಿಗೆ ಬಂದು ನೀರು ಕುಡಿದು ಹೋಗುತ್ತಿದ್ದರು. ಅವರು “ಜೈಭೀಮ್ ಅಕ್ಕಾ” ಅನ್ನುವರು, ನಾನು “ಶರಣು ಟೀಚರ್” ಅನ್ನುವೆ. ಹಾಗೆ ನೀರಿನಿಂದ ಶುರುವಾದದ್ದು ಚಹಾಕ್ಕೆ, ಚಹಾದಿಂದ ಕಷ್ಟಸುಖಕ್ಕೆ ಬಂದಿತ್ತು.

ಅವರ ಫೋನಿನಲ್ಲಿ ಲೋಕಸಭೆ ನಡೆದಿತ್ತು. ಮಾರ್ಚ್ ತಿಂಗಳು. ಆ ವಾರ ಅಲ್ಲಿ ರೈಲ್ವೆ ಖಾತೆಯ ಮೇಲೆ ಚರ್ಚೆ. ದೇಶದ ರೈಲು ಮುಂದೆ ಹೇಗಿರಬೇಕು, ಯಾರ ಕೈಯಲ್ಲಿರಬೇಕು ಅನ್ನುವ ದೊಡ್ಡ ವಾದ. ಅದರ ನಡುವೆ ನಮ್ಮ ಭಾಗದ ಸದಸ್ಯರೊಬ್ಬರು ಕಾಗದ ನೋಡಿಕೊಂಡು ಹಿಂದಿಯಲ್ಲಿ ಮಾತಾಡುತ್ತಿದ್ದರು. ಬೀದರ್ ಕಡೆಯವರಿಗೆ ಹಿಂದಿ ಯಾರೂ ಕಲಿಸಬೇಕಾಗಿಲ್ಲ, ಸಂತೆಗೆ ಹೋಗಿಬಂದರೆ ಬರುತ್ತದೆ. “ಭಾಲ್ಕಿ ಕೇ ಪಾಸ್ ಕಾ ಫಾಟಕ್ ಜಲ್ದ್ ಸೇ ಜಲ್ದ್ ಹಟಾಯಾ ಜಾಯೇ,” ಅಂದರು ಅವರು. ಅಲ್ಲಿಯ ಹೆಂಗಸರೂ ದಸ್ತಖತ್ ಮಾಡಿ ಕಳಿಸಿದ್ದಾರೆ ಅಂತಲೂ ಸೇರಿಸಿದರು.

ಫಾಟಕ್ ಅಂದರೆ ಗೇಟು. ಅದು ಗೊತ್ತಿತ್ತು. ಮುಂದಿನ ಮಾತಿಗೆ ನನ್ನ ನಗು ನಿಂತಿತು.

“ಟೀಚರ್, ಹಟಾನಾ ಅಂದ್ರ ಕಿತ್ತಿ ಹಾಕೋದಲ್ಲೇನ್ರಿ?”

“ಹೂಂನ್ರಿ. ಗೇಟ್ ತಗದು ಹಳಿ ಕೆಳಗಿಂದ ರಸ್ತಾ ಮಾಡೋದು. ನಾವು ಎಂಪಿ ಸಾಹೇಬರಿಗಿ ಕೊಟ್ಟ ಅರ್ಜಿಯಾಗ ಬರದಿದ್ದು ಅದೇ ಅಲ್ಲ!” ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ಗೇಟ್‌ಮನ್ ಹೆಂಡ್ತಿ ಆಗಿ ಎಲ್ಲರಕಿಂತ ಮೊದಲ ಸೈ ಮಾಡಿದ್ರಿ ನೀವು. ಈ ಅಕ್ಕನ ಮನಸು ಯಾರಿಗಿ ಬರ್ತದ ಅಂತ ನಮ್ಮ ಮನಿಯಾಗ ದಿನಾ ಹೇಳ್ತೇನಿ ನಾ.”

ಒಲೆಯ ಮೇಲೆ ಶೇಂಗಾ ಕರಕಲಾಗಿ ಮನೆಯೆಲ್ಲ ಹೊಗೆ ತುಂಬಿತು. ಹಂಚು ಇಳಿಸುವ ನೆಪದಲ್ಲಿ ಕೈ ಬಿಡಿಸಿಕೊಂಡೆ. ಅವರ ಮುಖ ನೋಡುವುದು ನನ್ನಿಂದ ಆಗಲಿಲ್ಲ.

ಮೊನ್ನೆ ಇಲ್ಲಿ, ಈಗ ನಾವಿರುವ ಬೀದರಿನ ಚಿದ್ರಿಯ ಮನೆಯಲ್ಲಿ, ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತ ನಿಂತು ಮತ್ತೆ ಶೇಂಗಾ ಸೀಯಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಬೇಸಿಗೆ ಇಡಿಯಾಗಿ ಕಣ್ಣೆದುರು ಬಂತು. ಇಷ್ಟು ವರ್ಷ ನಾನು ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ.

ಸಹಿ ಮಾಡಿದ್ದು ಹೇಗೆಂದರೆ, ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಬರುವುದು ತಡವಾಗಿ ರಸ್ತೆಯ ಎರಡೂ ಬದಿಗೆ ಟಂಟಂ ಆಟೋ, ಟ್ರ್ಯಾಕ್ಟರ್, ಬೈಕು ಸಾಲುಗಟ್ಟಿದ್ದವು. ಅಂಥ ಹೊತ್ತಿನಲ್ಲಿ ಜನ ನಮ್ಮ ಮನೆಯವರನ್ನೇ ಬಯ್ಯುತ್ತಿದ್ದರು. “ಏನೋ ಶರಣಪ್ಪ, ನಿದ್ದಿ ಹೊಡೀಲತ್ತೀ ಏನು? ಗೇಟ್ ತಗಿಯೋ!” ಸ್ಟೇಷನ್ನಿನಿಂದ ಫೋನು ಬಂದು, ಅವರು ಒಂದು ನಂಬರ್ ಹೇಳಿ, ಇವರು ಒಂದು ನಂಬರ್ ಹೇಳಿ, ಎರಡನ್ನೂ ರಿಜಿಸ್ಟರಿನಲ್ಲಿ ಬರೆದ ಮೇಲಷ್ಟೇ ಹಿಡಿಕೆ ತಿರುಗುವುದು ಅಂತ ಬಿಸಿಲಲ್ಲಿ ನಿಂತವರಿಗೆ ಯಾರು ತಿಳಿಸಿ ಹೇಳಬೇಕು? ಇವರು ಯಾರಿಗೂ ಎದುರು ಮಾತಾಡುವವರಲ್ಲ. ಗುಮಟಿಯಲ್ಲಿ, ಅಂದರೆ ಗೇಟಿನ ಪಕ್ಕದ ಆ ಸಣ್ಣ ಕೋಣೆಯಲ್ಲಿ, ಫೋನಿನ ಮೇಲೆ ಕಣ್ಣಿಟ್ಟು ಕೂತಿರುವರು. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ, “ನಾ ಏನ್ ಬೇಕಂತ ಮುಚ್ಕೊಂಡು ಕುಂಡ್ರತೀನೇನು?” ಅನ್ನುವರು. ಅದನ್ನು ಕೇಳಿ ನಾನು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ.

ಆ ದಿನ ಟೀಚರ್ ಅರ್ಜಿ ಹಿಡಿದುಕೊಂಡು ಸಾಲಿನಲ್ಲಿ ನಿಂತವರ ಹತ್ತಿರ ಸಹಿ ಕೇಳಲು ಬಂದರು. ಕೊಡ ಹೊತ್ತುಕೊಂಡಿದ್ದ ನಾನು ಅದನ್ನು ಇಳಿಸಿ, ಇನ್ನೂ ಯಾರ ಸಹಿಯೂ ಬೀಳದ ಆ ಕಾಗದ ತೆಗೆದುಕೊಂಡೆ. ದುಂಡಗಿನ ಅಕ್ಷರದಲ್ಲಿ ಮೇಲೆ ಬರೆದಿತ್ತು: ‘ವಿಷಯ: ರೈಲ್ವೆ ಗೇಟನ್ನು ಆದಷ್ಟು ಬೇಗ ತೆಗೆಯುವ ಕುರಿತು.’ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಸವಣ್ಣನೇ ಈ ಟೀಚರಿಗೆ ಬುದ್ಧಿ ಕೊಟ್ಟ ಅಂದುಕೊಂಡೆ. ಗೇಟು ಬೇಗ ತೆಗೆಯಬೇಕು ಅಂತ ಮೇಲಿನವರೇ ಸ್ಟೇಷನ್ನಿಗೆ ತಾಕೀತು ಮಾಡಿದರೆ ಇವರಿಗೆ ಬೈಗುಳ ತಪ್ಪುತ್ತದೆ. ಕೆಳಗಿನ ಹತ್ತು ಸಾಲನ್ನು ಓದುವ ಗೋಜಿಗೇ ಹೋಗಲಿಲ್ಲ. ಹಿಂದೆ ಮಂದಿ ಪೆನ್ನಿಗೆ ಕೈ ಚಾಚಿ ನಿಂತಿದ್ದರು. ನಮ್ಮ ಕಡೆ ಬರೆಯುವ ಹಾಗೆ ‘ಶಿವಲೀಲಾ ಗಂಡ ಶರಣಪ್ಪ’ ಅಂತ ಬರೆದು, ಸಹಿ ಮಾಡಿ, ಕೊಡ ಎತ್ತಿಕೊಂಡು ಬಂದೆ.

ಬಾಗಿಲು ತೆಗೆ ಅಂದರೆ ಯಾರೋ ಒಳಗೆ ಬರುತ್ತಾರೆ. ಕಸ ತೆಗೆ ಅಂದರೆ ಇದ್ದದ್ದು ಹೊರಗೆ ಹೋಗುತ್ತದೆ. ಹುಟ್ಟಿದಾಗಿನಿಂದ ಎರಡನ್ನೂ ಆಡುತ್ತ ಬಂದವಳು ನಾನು. ನನ್ನ ಮಾತೇ ನನಗೆ ತಿಳಿಯಲಿಲ್ಲ, ದಿಲ್ಲಿಯಲ್ಲಿ ಒಬ್ಬರು ಅದನ್ನು ಹಿಂದಿಗೆ ತಿರುವಿ ಹೇಳಿದ ಮೇಲೆ ತಿಳಿಯಿತು.

ಆ ಗೇಟು ನಮಗೆ ಏನಾಗಿತ್ತು ಅಂತ ಹೇಳಬೇಕು. ಅದಕ್ಕೆ ಮೊದಲು ಇವರು ಬೀದರಿನಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರು, ಅದು ಮುಚ್ಚಿತು. ಎರಡು ವರ್ಷ ಕೂಲಿ, ಎರಡು ವರ್ಷ ಅವರಿವರ ಬಾಗಿಲು. ಮಾತು ಕಡಿಮೆಯಾಗಿ, ಮನೆಯೊಳಗೆ ಗೋಡೆಗೆ ಮುಖ ಮಾಡಿ ಮಲಗುವ ಹಾಗಾಗಿದ್ದರು. ಗೇಟಿನ ಕೆಲಸ ಸಿಕ್ಕ ದಿನ ಅವರು ತಾವೇ ಬಾವಿಯಿಂದ ನೀರು ಸೇದಿ ಮೈ ತೊಳೆದು, ಲಿಂಗಪೂಜೆಗೆ ನನಗಿಂತ ಮೊದಲು ಕೂತರು. ಆ ಕಾಯಕ ಅವರನ್ನು ಎಬ್ಬಿಸಿ ನಿಲ್ಲಿಸಿತ್ತು. ಕೆಂಪು, ಹಸಿರು ಝಂಡಿಗಳನ್ನು ನಾನು ವಾರಕ್ಕೊಮ್ಮೆ ಒಗೆದು ಕೊಡುತ್ತಿದ್ದೆ. ಇಸ್ತ್ರಿ ಅವರೇ ಮಾಡಿಕೊಳ್ಳುತ್ತಿದ್ದರು. ಅದು ಹೋದರೆ ಸಂಬಳವಷ್ಟೇ ಹೋಗುತ್ತಿರಲಿಲ್ಲ.

ಸುದ್ದಿ ಬಂದ ದಿನವೇ ಸಂಜೆ, ಪಾಳಿ ಮುಗಿಸಿ ಬಂದು ಅವರು ಕಾಲು ತೊಳೆಯುವಾಗಲೇ ಹೇಳಿದೆ.

“ರೀ, ಒಂದು ತಪ್ಪಾಗ್ಯದ.”

“ಶೇಂಗಾ ಸೀದದ್ದಾ? ವಾಸನಿ ಗುಮಟಿ ತನಕ ಬಂದದ.”

“ಶೇಂಗಾ ಅಲ್ರಿ.”

ಎಲ್ಲ ಹೇಳಿದೆ. ಅವರು ತಂಬಿಗೆ ಹಿಡಿದುಕೊಂಡೇ ಕೇಳಿದರು. “ಪೂರಾ ಓದಲಿಲ್ಲೇನು?”

“ವಿಷಯ ಓದಿದೆ.”

“ವಿಷಯ ಓದಿದಿ,” ಅಂದರು. “ಹತ್ತನೇತ್ತಾ ಪಾಸಾದಾಕಿ ನೀನು. ನಾ ಕಮ್ಮಿ ಕಲ್ತಂವ. ಎರಡು ಅಂಕಿ ಬರೀಲಿಕ್ಕಿದ್ರೂ ಎರಡೆರಡು ಸಲ ಓದ್ತೀನಿ.”

ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಐದಾರು ದಿನ “ರೊಟ್ಟಿ ಸಾಕು”, “ನೀರು ಕೊಡು” ಬಿಟ್ಟು ಬೇರೆ ಮಾತಿಲ್ಲ. ಮುಂಜಾನೆ ಲಿಂಗ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಟೀಚರ್ ಬರೆದ ದುಂಡಗಿನ ಅಕ್ಷರ.

ಮನೆಯಲ್ಲಿ ಹಿಗ್ಗಿ ಓಡಾಡಿದವರೆಂದರೆ ನಮ್ಮ ಅತ್ತೆ ಗುರುಬಸವ್ವ ಒಬ್ಬರೇ. ಅವರ ತವರು ಔರಾದ್ ತಾಲ್ಲೂಕಿನ ಡಾಬಕಾ. ಔರಾದಿಗೆ ರೈಲಿಲ್ಲ. ಬಸ್ಸು ಹತ್ತಿದರೆ ಅವರಿಗೆ ಹೊಟ್ಟೆ ತೊಳಸಿ ವಾಂತಿ. ಮದುವೆಯಾದಾಗಿನಿಂದ ತವರಿಗೆ ಹೋಗಿಬರುವುದೆಂದರೆ ಒಂದು ನಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಚೀಲ. ಅದೇ ಸದಸ್ಯರು ಕೊನೆಯಲ್ಲಿ, ಔರಾದಿಗೂ ಹಳಿ ಹಾಕಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಸಭಾಧ್ಯಕ್ಷರ ಪೀಠದಲ್ಲಿದ್ದವರು ಗಂಟೆ ಬಾರಿಸಿ, ಸಮಯ ಮುಗಿಯಿತು ಅಂತ ಕೂರಿಸಿದ್ದರು. ಟೀಚರ್ ಆ ತುಣುಕನ್ನು ನನ್ನ ಫೋನಿಗೆ ಕಳಿಸಿದ್ದರು. ಅತ್ತೆ ಅದನ್ನು ದಿನಕ್ಕೆ ನಾಲ್ಕು ಸಲ ಹಚ್ಚಿಸಿಕೊಂಡು ನೋಡುವರು.

“ಔರಾದ ಅಂದ ಕೂಡ್ಲೇ ಗಂಟಿ ಹೊಡದ್ರಲ್ಲ. ಗಾಡಿ ಬರ್ತದಂತಲೇ ಅಲ್ಲೇನು?”

“ಅತ್ತಿ, ಅದು ಸುಮ್ನ ಕೂಡು ಅನ್ನೋ ಗಂಟಿ ಅದ.”

“ನಿನಗೇನ್ ತಿಳೀತದ? ಸ್ಟೇಷನ್ನ್ಯಾಗ ಗಂಟಿ ಹೊಡದ್ರ ಗಾಡಿ ಬರ್ತದ. ರೈಲ್ವೆ ಮಾತಿಗಿ ಹೊಡದ ಗಂಟಿ ಅದು.”

ನಾನು ಆ ಚರ್ಚೆಯನ್ನು ಮುಗಿಯುವ ತನಕ ನೋಡಿದೆ. ಅಕ್ಕಿ ಹಸನು ಮಾಡುತ್ತ, ಬಟ್ಟೆ ಮಡಚುತ್ತ, ಟಿ.ವಿ. ಮುಂದೆ ಕೂತೆ. ನನ್ನ ಸಹಿ ಹೊಕ್ಕ ಮನೆ ಅದು, ನೋಡದೆ ಹೇಗಿರಲಿ? ಒಬ್ಬರೆದ್ದು, ರೈಲು ಬಡವರ ಆಸ್ತಿ, ಅದನ್ನು ಖಾಸಗಿಯವರ ಕೈಗೆ ಕೊಡಬೇಡಿ ಅನ್ನುವರು. ಇನ್ನೊಬ್ಬರೆದ್ದು, ನಾವು ಯಾರಿಗೂ ಮಾರುತ್ತಿಲ್ಲ, ಹೊಸ ಗಾಡಿ, ಹೊಸ ಸ್ಟೇಷನ್ ಮಾಡುತ್ತಿದ್ದೇವೆ ಅನ್ನುವರು. ಒಬ್ಬರು ವೇಗದ ಗಾಡಿಯ ಮಾತಾಡಿದರೆ, ಇನ್ನೊಬ್ಬರು ತಮ್ಮ ಊರಿನ ಪ್ಯಾಸೆಂಜರ್ ನಿಂತುಹೋದದ್ದನ್ನು ಹೇಳಿಕೊಂಡರು. ಬಹಳ ಜನ ಇರಲಿಲ್ಲ, ಅರ್ಧ ಬೆಂಚು ಖಾಲಿ. ಆದರೂ ಮಾತಾಡುವವರು ತುಂಬಿದ ಸಭೆಗೆ ಆಡುವಂತೆ ಆಡುತ್ತಿದ್ದರು. ಅದು ನನಗೆ ಒಳ್ಳೆಯದೆನಿಸಿತು. ಯಾರು ಸರಿ ಅಂತ ನನಗೆ ಈಗಲೂ ಗೊತ್ತಿಲ್ಲ. ಎರಡೂ ಕಡೆಯವರು ಬಡವರ ಹೆಸರಲ್ಲೇ ಮಾತಾಡಿದರು. ಗೇಟುಗಳಿಂದ ಅಪಘಾತವಾಗುತ್ತವೆ, ಅವುಗಳನ್ನು ಒಂದೊಂದಾಗಿ ತೆಗೆದುಹಾಕುತ್ತೇವೆ ಅಂತ ಕೊನೆಗೆ ಉತ್ತರ ಬಂತು. ಗೇಟ್‌ಮನ್ ಅನ್ನುವ ಮಾತು ಯಾರಾದರೂ ಆಡುತ್ತಾರೇನೋ ಅಂತ ಕಿವಿಗೊಟ್ಟು ಕೂತಿದ್ದೆ. ನಾನು ಕೇಳಿದಷ್ಟರಲ್ಲಿ ಬರಲಿಲ್ಲ. ನಾನು ಒಲೆಯ ಹತ್ತಿರ ಎದ್ದುಹೋದಾಗ ಬಂದಿದ್ದರೆ ಗೊತ್ತಿಲ್ಲ.

ಅತ್ತೆಗೆ ಬೇರೆಯದೇ ಚಿಂತೆ. “ಪ್ರೈವೇಟ್ ಆಗ್ತದ, ಪ್ರೈವೇಟ್ ಆಗ್ತದ ಅಂತ ಯಾಕ ಬಡ್ಕೋಳ್ತಾರ? ನಮ್ಮ ಶರಣೂ ದಿನಾ ಫೋನ್ಯಾಗ ‘ಪ್ರೈವೇಟ್ ನಂಬರ್, ಪ್ರೈವೇಟ್ ನಂಬರ್’ ಅಂತಾನಲ್ಲ. ಯಾವಾಗೋ ಆಗಿ ಹೋಗ್ಯದ.”

ಗೇಟು ಮುಚ್ಚುವ, ತೆಗೆಯುವ ಮಾತಿಗೆ ಸಾಕ್ಷಿಯಾಗಿ ಗುಮಟಿಯೂ ಸ್ಟೇಷನ್ನೂ ಹೇಳಿಕೊಳ್ಳುವ ಅಂಕಿಗೆ ರೈಲ್ವೆಯಲ್ಲಿ ಹಾಗನ್ನುತ್ತಾರೆ. ರೊಟ್ಟಿ ಮುರಿಯುತ್ತಿದ್ದ ನಮ್ಮ ಮನೆಯವರು ತಲೆ ಬಗ್ಗಿಸಿಕೊಂಡೇ ನಕ್ಕರು. ಆರು ದಿನದ ಮೇಲೆ ಮನೆಯಲ್ಲಿ ಕೇಳಿದ ನಗು. ಅವತ್ತಿನ ಮಟ್ಟಿಗೆ ಅಷ್ಟು ಸಾಕೆಂದು ಕೊರಳ ಲಿಂಗಯ್ಯನಿಗೆ ಮನಸ್ಸಿನಲ್ಲೇ ಶರಣೆಂದೆ.

ಯುಗಾದಿಗೆ ಮೊದಲು ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ ಬೈಕಿನಲ್ಲಿ ಬಂದರು. ಇವರು ಪಾಳಿಯಲ್ಲಿದ್ದರು, ಬಂದದ್ದು ನನ್ನ ಹತ್ತಿರ.

“ಅಕ್ಕೋರ, ಅರ್ಜಿ ಒಳಗ ನಿಮ್ಮ ಹೆಸರು ಅದ ಅಂತ ನಮಗ ಗೊತ್ತಾಗ್ಯದ. ಬಿಡ್ರಿ, ಆಗಿದ್ದು ಆತು. ‘ನಾ ತಿಳೀದೆ ಸೈ ಮಾಡೀನಿ’ ಅಂತ ಎರಡು ಸಾಲು ಬರದು ಕೊಡ್ರಿ. ನಾವು ಅದನ್ನ ಮ್ಯಾಲ ಕಳಿಸ್ತೀವಿ. ಮಂದಿಗಿ ಗೊತ್ತಿಲ್ದೇ ಸೈ ತಗೊಂಡಾರ ಅಂದ್ರ ಅರ್ಜಿ ಅಲ್ಲೇ ಬೀಳ್ತದ. ನಿಮ್ಮ ಯಜಮಾನರ ಕೆಲಸಾನೂ ಉಳೀತದ.”

“ಅವರಿಗಿ ಕೇಳಿ ಹೇಳ್ತೇನ್ರಿ,” ಅಂದೆ. ಬಿಳಿ ಹಾಳೆ, ಪೆನ್ನು ಎರಡನ್ನೂ ಇಟ್ಟು ಹೋದರು.

ಸುಳ್ಳು ಬರೆ ಅಂದಿದ್ದರೆ ಕೂಡಲೇ ಆಗುವುದಿಲ್ಲ ಅನ್ನುತ್ತಿದ್ದೆ. ಅವರು ಬರೆ ಅಂದದ್ದು ಅಕ್ಷರ ಅಕ್ಷರ ನಿಜ. ಅದೇ ನನಗೆ ತೊಡಕಾಯಿತು. ಆ ನಿಜ ಹೇಳಿದರೆ ಟೀಚರ್ ಮೋಸ ಮಾಡಿ ಸಹಿ ತೆಗೆದುಕೊಂಡ ಹಾಗಾಗುತ್ತದೆ, ಅದು ನಿಜವಲ್ಲ. ಹೇಳದಿದ್ದರೆ ಇಲ್ಲದ ದೊಡ್ಡ ಮನಸ್ಸಿನವಳಾಗಿ ಉಳಿಯುತ್ತೇನೆ, ಮನೆಯ ಅನ್ನವೂ ಹೋಗುತ್ತದೆ. ಇವರನ್ನು ಕೇಳಿದರೆ, “ಸೈ ನಿಂದು. ನನಗ ಕೇಳಬ್ಯಾಡ,” ಅಂದರು. ಹಾಳೆಯನ್ನು ಮಡಚಿ ಜೋಳದ ಡಬ್ಬಿಯ ಕೆಳಗೆ ಇಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ಹತ್ತನೇ ತರಗತಿಯ ಪರೀಕ್ಷೆ ಶುರುವಾಯಿತು. ಆಚೆ ಹಳ್ಳಿಯ ಮಕ್ಕಳಿಗೆ ಭಾಲ್ಕಿಯಲ್ಲಿ ಪರೀಕ್ಷೆ. ಗಣಿತದ ದಿನ ಮುಂಜಾನೆ ಗೇಟು ಬಿತ್ತು. ಗೂಡ್ಸ್ ಗಾಡಿ ಬಂತು, ಹೋಗಲಿಲ್ಲ. ಮುಂದೆ ದಾರಿ ಸಿಗದೆ ಗೇಟಿಗೆ ಅಡ್ಡಲಾಗಿ ನಿಂತುಬಿಟ್ಟಿತು. ಆ ಕಡೆ ಒಂದು ಟಂಟಂ ತುಂಬ ಮಕ್ಕಳು. ಮಕ್ಕಳನ್ನು ಕರೆತರಲು ಹೋಗಿದ್ದ ಸುಜಾತಾ ಟೀಚರೂ ಅವರ ಜೊತೆಗಿದ್ದರು. ನಾನು ಮನೆಯ ಅಂಗಳದಿಂದ ಗಾಡಿಯ ಡಬ್ಬಿಗಳ ಸಂದಿನಲ್ಲಿ ಅವರ ಸಮವಸ್ತ್ರದ ಬಣ್ಣ ನೋಡುತ್ತಿದ್ದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಇವರು ಗುಮಟಿಯಲ್ಲಿ ಫೋನು ಹಿಡಿದು, “ಸಾಹೇಬ್ರ, ಪರೀಕ್ಷಾ ಮಕ್ಕಳವರಿ, ಏನರೆ ಮಾಡ್ರಿ,” ಅಂತ ಬೇಡುವುದು ನನಗೆ ಕೇಳುತ್ತಿತ್ತು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ಕಡೆಯಿಂದ ಒಬ್ಬ ಹುಡುಗಿ ಇಳಿದು ಗಾಡಿಯ ಕೆಳಗೆ ನುಸುಳಲು ಬಗ್ಗಿದಳು. ಅಶ್ವಿನಿ ಅಂತ ಹೆಸರು, ಆಮೇಲೆ ಗೊತ್ತಾಯಿತು. ಇವರು ಫೋನು ಬಿಟ್ಟು ಓಡಿದರು. ಕೆಂಪು ಝಂಡಿ ಬೀಸುತ್ತ, “ಏ ತಂಗೀ, ಸರಿ ಹಿಂದಕ! ಗಾಡಿ ಯಾವಾಗರೆ ಎಳೀತದ!” ಅಂತ ಕಿರುಚಿದರು. ಟೀಚರ್ ಅವಳ ರಟ್ಟೆ ಹಿಡಿದು ಎಳೆದರು. ಹುಡುಗಿ ಅಳುತ್ತ ಅಲ್ಲಿಂದಲೇ ಕೂಗಿದಳು.

“ಮಾಮಾ, ಗೇಟ್ ತಗೀರಿ!”

“ಗೇಟ್ ತಗದ್ರೂ ಗಾಡಿ ಅಡ್ಡ ನಿಂತದಲ್ಲ ನಮ್ಮವ್ವಾ, ಹ್ಯಾಂಗ ಬರ್ತಿ?”

“ಹಂಗಾದ್ರ ಈ ಗೇಟ್ ತಗದು ಒಗೀರಿ!”

ಇವರು ಝಂಡಿ ಹಿಡಿದ ಕೈ ಕೆಳಗೆ ಬಿಟ್ಟು ನಿಂತರು. ಇನ್ನೂ ಸ್ವಲ್ಪ ಹೊತ್ತಿಗೆ ಗಾಡಿ ಎಳೆಯಿತು. ಅಷ್ಟು ಬೇಗ ಹಿಡಿಕೆ ತಿರುಗಿಸಿದ್ದನ್ನು ನಾನು ನೋಡಿಲ್ಲ. ತೋಳಿನ ನರ ಉಬ್ಬಿ ಕಾಣುತ್ತಿದ್ದವು. ಟಂಟಂ ಧೂಳೆಬ್ಬಿಸಿ ಹೋಯಿತು. ಪರೀಕ್ಷೆಯ ಕೋಣೆಯಲ್ಲಿ ಯಾವ ಪುಣ್ಯಾತ್ಮರಿದ್ದರೋ, ಕೊನೆಯ ಗಳಿಗೆಯಲ್ಲಿ ಮಕ್ಕಳನ್ನು ಒಳಗೆ ಬಿಟ್ಟರು. ಅದನ್ನು ಟೀಚರ್ ಫೋನು ಮಾಡಿ ಹೇಳುವ ತನಕ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕಿರಲಿಲ್ಲ, ಅತ್ತೆಯೂ.

ಸಂಜೆ ಇವರು ಕಟ್ಟೆಯ ಮೇಲೆ ಕೂತು, ಯಾರಿಗೆ ಅಂತಿಲ್ಲದೆ, “ಆ ಹುಡುಗಿ ಬೈದಿದ್ದು ಖರೇನ ಅದ,” ಅಂದರು.

ಕಾಯಕ ದೊಡ್ಡದು ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಆ ಸಂಜೆ ಮೊದಲ ಸಲ ಹೊಳೆಯಿತು: ಯಾರಿಗೆ ಒದಗಬೇಕೋ ಅವರಿಗೇ ಅಡ್ಡ ನಿಲ್ಲುವ ಕಾಲ ಒಂದು ಕಾಯಕಕ್ಕೂ ಬರಬಹುದು. ಅದಕ್ಕೆ ಮಾಡುವವನ ತಪ್ಪು ಕಾರಣವಾಗಿರಬೇಕು ಅಂತಿಲ್ಲ. ಇವರಷ್ಟು ನೆಟ್ಟಗೆ ಆ ಗೇಟು ಕಾಯ್ದವರು ಇರಲಿಕ್ಕಿಲ್ಲ. ಆದರೂ ಗೇಟು ಹೋಗಬೇಕಾದದ್ದೇ.

ಮರುದಿನ ಟೀಚರ್ ಬಂದಾಗ ಚಹಾಕ್ಕಿಡುವ ಮೊದಲೇ ಹೇಳಿದೆ.

“ಟೀಚರ್, ನಾ ದೊಡ್ಡ ಮನಸಿನಾಕಿ ಅಲ್ರಿ. ಗೇಟ್ ತಗೀಬೇಕು ಅಂದ್ರ ಜಲ್ದಿ ಎತ್ತಬೇಕು ಅಂತ ತಿಳ್ಕೊಂಡು ಸೈ ಮಾಡೀನಿ. ಕೆಳಗಿಂದು ಓದೇ ಇಲ್ಲ.”

ಅವರು ಹೆಲ್ಮೆಟ್ ಬಿಚ್ಚಿ ನೆಲದ ಮೇಲಿಟ್ಟು ಕೂತರು. ಮುಖ ಕೆಂಪಾಯಿತು. ಸಿಟ್ಟು ಬಂತೇನೋ ಅಂದುಕೊಂಡೆ.

“ಕನ್ನಡ ಕಲಿಸಾಕಿ ನಾ,” ಅಂದರು. “ಒಂದು ಪದಕ್ಕ ಎರಡೆರಡು ಅರ್ಥ ಹ್ಯಾಂಗ ಬರ್ತದ ಅಂತ ಮಕ್ಕಳಿಗಿ ಹಲಗಿ ಮ್ಯಾಲ ಬರದು ಹೇಳ್ತೀನಿ. ನಾನೇ ಹಿಂಗ ಬರದೀನಲ್ಲ!” ಆಮೇಲೆ ದನಿ ತಗ್ಗಿಸಿ, “ನಿಮ್ಮ ಹೆಸರು ಹೊಡದು ಹಾಕಸ್ತೀನ್ರಿ ಅಕ್ಕಾ. ನಿಮ್ಮ ಮನಿ ಒಲಿ ಆರಿಸಿ ನಮಗ ರಸ್ತಾ ಬ್ಯಾಡ,” ಅಂದರು.

“ಹೊಡೀಬ್ಯಾಡ್ರಿ. ಬ್ಯಾರೆ ಅರ್ಜಿ ಬರೀರಿ, ಈ ಸಲ ರೈಲ್ವೆ ಆಫೀಸಿಗೇ. ಕಿತ್ತಿ ಹಾಕ್ರಿ ಅಂತ ಚೊಕ್ಕ ಬರೀರಿ, ಯಾರಿಗೂ ತಪ್ಪು ತಿಳೀಬಾರದು. ಅದರ ಕೆಳಗ ನಂದೊಂದು ಸಾಲು ಹಾಕ್ರಿ. ಗೇಟ್ ಕಾಯೋ ಮಂದಿಗಿ ರೈಲ್ವೆದಾಗೇ ಬ್ಯಾರೆ ಕೆಲಸ ಕೊಡಬೇಕು ಅಂತ.”

ಜೋಳದ ಡಬ್ಬಿಯ ಕೆಳಗಿದ್ದ ಬಿಳಿ ಹಾಳೆ ತಂದುಕೊಟ್ಟೆ. ಸೂಪರ್‌ವೈಸರ್ ಬಿಟ್ಟುಹೋದ ಪೆನ್ನಿನಲ್ಲೇ ಅವರು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ನಾನೂ ಓದಿದೆ, ಮೇಲಿನಿಂದ ಕೆಳಗಿನ ತನಕ. ಅಷ್ಟಾದರೂ ಸಹಿ ಮಾಡದೆ ಇಬ್ಬರೂ ಗುಮಟಿಗೆ ಹೋದೆವು. ಇವರು ಕನ್ನಡಕ ಹಾಕಿಕೊಂಡು, ಪ್ರತಿ ಸಾಲಿಗೂ ಬೆರಳಿಟ್ಟು ಎರಡು ಸಲ ಓದಿದರು.

“ಬ್ಯಾರೆ ಕೆಲಸ ಕೊಡ್ರಿ ಅಂದ್ರ ಕೊಡ್ತಾರೇನು ಬಾಯಾರ?” ಅಂತ ಟೀಚರನ್ನು ಕೇಳಿದರು.

“ಗೊತ್ತಿಲ್ರಿ ಅಣ್ಣಾ. ಕೇಳೋಣು.”

“ರಾತ್ರಿ ಪಾಳಿದಂವಗೂ ಅಂತ ಸೇರಸ್ರಿ. ನನಗಷ್ಟೇ ಕೇಳಿದ್ರ ಚಂದ ಅಲ್ಲ.” ಆಮೇಲೆ ನನ್ನ ಕಡೆ ನೋಡಿದರು. “ನಾ ಗುತ್ತಿಗಿ ಮನಷ್ಯಾ, ಸೈ ಮಾಡಿದ್ರ ಕೆಲಸಾ ಹೋಗ್ತದ. ನೀ ಮಾಡು.”

ಮಾಡಿದೆ. ಸೂಪರ್‌ವೈಸರ್ ಮತ್ತೆ ಬಂದಾಗ, “ಮೊದಲನೇ ಸೈ ತಿಳೀದೆ ಮಾಡೀನ್ರಿ, ಎರಡನೇದು ತಿಳದು ಮಾಡೀನಿ,” ಅಂತ ಅವರ ಪೆನ್ನು ವಾಪಸು ಕೊಟ್ಟೆ. “ನಾಳಿ ನಮಗ ಏನೂ ಅನಬ್ಯಾಡ್ರಿ ಅಕ್ಕೋರ,” ಅಂದು ಹೋದರು. ಕೆಟ್ಟ ಮನುಷ್ಯರಲ್ಲ. ಗೇಟು ಹೋದರೆ ಅವರದೂ ಹೋಗುತ್ತಿತ್ತು.

ಆ ಗೇಟು ಈಗಿಲ್ಲ. ಆದರೆ ಹೋಗುವುದಕ್ಕೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದ ಸಂಬಳವನ್ನು ನಾನು ಶಿವನ ಕೃಪೆ ಅಂತಲೇ ತಿಳಿದಿದ್ದೇನೆ. ಇವರಿಗೆ ರೈಲ್ವೆಯಲ್ಲಿ ಬೇರೆ ಕೆಲಸ ಸಿಗಲಿಲ್ಲ. ಬೀದರ್ ಹತ್ತಿರದ ಕೊಳಾರದಲ್ಲಿ ಒಂದು ಗೋದಾಮಿನ ಬಾಗಿಲು ಕಾಯುತ್ತಾರೆ. ನಾವು ಚಿದ್ರಿಗೆ ಬಂದೆವು. ಗೋಡೆಗೆ ಮುಖ ಮಾಡಿ ಮಲಗುವುದನ್ನು ಮತ್ತೆ ಹಿಡಿಯಲಿಲ್ಲ, ಅದು ಇನ್ನೊಂದು ಕೃಪೆ. ಅತ್ತೆ ಬಸ್ಸಿನಲ್ಲೇ ಡಾಬಕಾಕ್ಕೆ ಹೋಗಿ ಬರುತ್ತಾರೆ, ಬಯ್ದುಕೊಳ್ಳುತ್ತ. ಭಾಲ್ಕಿಗೆ ಹೋದಾಗ ನಾನೂ ಆ ಕೆಳಗಿನ ದಾರಿಯಲ್ಲೇ ಹಾಯುತ್ತೇನೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ ಅಂತ ಜನ ಈಗ ಅದಕ್ಕೆ ಬಯ್ಯುತ್ತಾರೆ.

ಎರಡನೇ ಅರ್ಜಿಗೆ ಉತ್ತರ ಬಂದದ್ದು, ಗೇಟು ಇನ್ನೂ ಇದ್ದಾಗ, ಅರ್ಜಿ ಕೊಟ್ಟ ವರ್ಷದ ಮಳೆ ಹಿಡಿದ ಮೇಲೆ. ಅಂಚೆಯವರು ನನ್ನ ಕೈಗೆ ಕೊಟ್ಟರು. ಬೇಳೆ ಬೇಯಲಿಕ್ಕೆ ಇಟ್ಟಿದ್ದೆ. ಉರಿ ಸಣ್ಣ ಮಾಡಿ, ಸೆರಗಿನ ಒಳಗೆ ಕಾಗದ ಇಟ್ಟುಕೊಂಡು ಗುಮಟಿಗೆ ಹೋದೆ. ಇವರು ನಿಂತೇ ಓದಿದರು. ನಿಮ್ಮ ಅರ್ಜಿ ತಲುಪಿದೆ, ಗೇಟು ತೆಗೆದುಹಾಕಿ ಕೆಳಸೇತುವೆ ಕಟ್ಟುವ ವಿಷಯ ಒಪ್ಪಿಗೆಯ ಹಂತದಲ್ಲಿದೆ ಅಂತ ಇತ್ತು. ಕೆಳಗೆ ಒಂದು ಠಸ್ಸೆ, ಒಂದು ಸಹಿ. ಇವರು ಹಾಳೆ ತಿರುಗಿಸಿ ಹಿಂದೆ ನೋಡಿದರು. ಖಾಲಿ ಇತ್ತು. ಮತ್ತೆ ತಿರುಗಿಸಿ, ಬೆರಳಿಟ್ಟು ಇನ್ನೊಂದು ಸಲ ಓದಿದರು.

“ನಮ್ಮ ಸಾಲಿಗಿ ಉತ್ತರ ಇಲ್ಲ,” ಅಂದರು.

“ಇನ್ನೊಂದು ಬರಸ್ತೇನ್ರಿ ಟೀಚರ್ ಕಡಿಂದ.”

ಅವರು ಕಾಗದ ಮಡಚಿದರು. “ಬರಸು. ಅದಕ್ಕ ನಾನೂ ಸೈ ಮಾಡ್ತೀನಿ. ಕೆಲಸ ಹೋಗೋದು ಹೆಂಗೂ ಹೋಗ್ತದ, ಕೇಳಿದಂವ ಯಾವಂವ ಅಂತ ಗೊತ್ತಾಗಲಿ.”

ಅಷ್ಟರಲ್ಲಿ ಗುಮಟಿಯ ಫೋನು ಹೊಡೆದುಕೊಂಡಿತು. ಕಾಗದ ನನಗೆ ಕೊಟ್ಟು, ಫೋನೆತ್ತಿ, ಅಂಕಿ ಹೇಳಿ, ಅಂಕಿ ಬರೆದುಕೊಂಡು, ಇವರು ಗೇಟು ಇಳಿಸಲು ಹಿಡಿಕೆಗೆ ಕೈ ಹಾಕಿದರು. ರಸ್ತೆಯ ಆಚೆ ಒಂದು ಟ್ರ್ಯಾಕ್ಟರ್ ಬಂದು ನಿಂತು ಹಾರ್ನ್ ಒತ್ತತೊಡಗಿತು. ನಾನು ಮಳೆಹನಿಗೆ ತಲೆಯ ಮೇಲೆ ಸೆರಗು ಹೊದ್ದು ಮನೆಗೆ ಬಂದೆ. ಬೇಳೆ ಬೆಂದಿತ್ತು. ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಲು ಕೂತೆ.